ಏನೂ ಕೊರತೆಯಿಲ್ಲ ತಾನೆ?

“ಬುದ್ಧಿ, ಬಂದವರನ್ನ ಇಷ್ಟು ಚೆನ್ನಾಗಿ ನೋಡ್ಕೊಂಡ್ರೂ ಅವರು ಯಾಕೆ ಮತ್ತೆ ಈ ಕಡೆ ಬರೋದಿಲ್ಲ?”

ಕೇಳಿದವನು ಅಡವಯ್ಯ. ಪೇಟೆಯ ನಡುವೆ, ಬಸ್ ನಿಲ್ದಾಣದ ಎದುರಿಗೆ ಮಠದ್ದೊಂದು ಅತಿಥಿಗೃಹವಿತ್ತು. ಅದನ್ನು ನೋಡಿಕೊಳ್ಳುವ ಕೆಲಸವನ್ನು ಗುರುಗಳು ಹೋದ ವರ್ಷ ಅವನಿಗೆ ವಹಿಸಿದ್ದರು. ಅವನು ಹಗಲಿರುಳೆನ್ನದೆ ದುಡಿಯುತ್ತಿದ್ದ. ಆದರೂ ಒಮ್ಮೆ ಬಂದವರು ಮತ್ತೆ ಬರುತ್ತಿರಲಿಲ್ಲ. ಅಂದಂತೂ ಅವನ ಎದೆ ಒಡೆದೇ ಹೋಗಿತ್ತು. ನಾಲ್ಕು ದಿನ ಇರುತ್ತೇವೆಂದು ಬಂದ ಒಂದು ಕುಟುಂಬ ಮರುದಿನವೇ ಗಂಟುಮೂಟೆ ಕಟ್ಟಿತ್ತು. ಊರಿಗೆ ಹೋಗಬೇಕಾಗಿ ಬಂತು, ನಿಮ್ಮಲ್ಲಿ ಏನೂ ಕೊರತೆಯಾಗಲಿಲ್ಲ ಎಂದು ಹೇಳಿ, ನಗುನಗುತ್ತಲೇ ಹೊರಟಿದ್ದರು. ಮಧ್ಯಾಹ್ನ ಅಡವಯ್ಯ ತರಕಾರಿಗೆಂದು ಹಿಂದಿನ ಬೀದಿಗೆ ಹೋದಾಗ, ಅಲ್ಲಿನ ಲಾಡ್ಜಿನ ಮಹಡಿಯಲ್ಲಿ ಅದೇ ಮನೆಯವರು ಬಟ್ಟೆ ಒಣಹಾಕುತ್ತಿದ್ದರು. ಅವರು ಇವನನ್ನು ನೋಡಲಿಲ್ಲ. ಇವನೇ ತಪ್ಪು ಮಾಡಿದವನ ಹಾಗೆ ತಲೆತಗ್ಗಿಸಿಕೊಂಡು ವಾಪಸು ಬಂದ.

ಆಮೇಲೆ ಅವನಿಗೆ ಅನ್ನ ಸೇರಲಿಲ್ಲ. ಸುದ್ದಿ ಗುರುಗಳ ಕಿವಿಗೆ ಬಿದ್ದಿರುತ್ತದೆ, ಈ ಕೆಲಸ ಬೇರೆಯವರ ಪಾಲಾಗುತ್ತದೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಅವನಿಗೆ ಬೇರೆ ಮನೆಯಿಲ್ಲ, ಬೇರೆ ಹೆಸರಿಲ್ಲ. ಮಠದ ಅತಿಥಿಗೃಹದ ಅಡವಯ್ಯ ಎಂದರೇ ನಾಲ್ಕು ಜನಕ್ಕೆ ಗೊತ್ತು. ಸಂಜೆ ಎಂದಿನಂತೆ ಗುರುಗಳಿಗೆ ಶುಂಠಿ ಕಷಾಯ ಒಯ್ದವನು, ಲೋಟವನ್ನು ಅವರ ಮುಂದಿಟ್ಟು, ಹದವಾಗಿದೆ ತಾನೆ ಎಂದು ಕೇಳಿದ. ಗುರುಗಳು ಒಂದು ಗುಟುಕು ಕುಡಿದು, ಹದವಾಗಿದೆ ಎಂದು ಲೋಟವನ್ನು ಪಕ್ಕಕ್ಕಿಟ್ಟರು. ಅವನ ಮನಸ್ಸು ಸ್ವಲ್ಪ ತಣ್ಣಗಾಯಿತು. ಆಗ ಅವನು ಆ ಪ್ರಶ್ನೆ ಕೇಳಿದ್ದು.

ಗುರುಗಳು ಅವನನ್ನು ಕುಳಿತುಕೊಳ್ಳಲು ಹೇಳಿದರು. ಅವನು ಕುಳಿತ, ಆದರೆ ಎದ್ದು ಓಡುವವನ ಹಾಗೆ ತುದಿಗಾಲಲ್ಲಿ ಕುಳಿತ. ಗುರುಗಳು ಅದನ್ನು ನೋಡಿಯೂ ನೋಡದವರಂತೆ ಕತೆ ಹೇಳತೊಡಗಿದರು.

ಒಂದು ಪಟ್ಟಣದ ಚೌಕದಲ್ಲಿ ಒಂದು ವಸತಿಗೃಹವಿತ್ತು. ಕೆಳಗೆ ಊಟದ ಮನೆ, ಮೇಲೆ ಕೋಣೆಗಳು, ನಡುವೆ ಮರದ ಮೆಟ್ಟಿಲು. ತಂದೆ ಕಟ್ಟಿಸಿದ್ದನ್ನು ಮಗ ನಡೆಸುತ್ತಿದ್ದ. ತಂದೆಯ ಕಾಲದಲ್ಲಿ ಆ ಊರಿಗೆ ಬಂದವರು ಬೇರೆ ಕಡೆ ಇಳಿದುಕೊಳ್ಳುವ ಮಾತೇ ಇರಲಿಲ್ಲ. ತಂದೆ ತೀರಿಕೊಂಡ ಮೇಲೆ ಮಗನನ್ನು ಒಂದೇ ಭಯ ಹಿಡಿದುಕೊಂಡಿತು. ಅಪ್ಪನ ಹೆಸರು ನನ್ನ ಕೈಯಲ್ಲಿ ಕೆಟ್ಟರೆ ಏನು ಗತಿ ಎಂಬ ಭಯ.

ಭಯವಿದ್ದವನು ಕೈಕಟ್ಟಿ ಕೂರುವುದಿಲ್ಲ. ಇವನೂ ಕೂರಲಿಲ್ಲ. ಏನು ಮಾಡಿದ ಎಂದರೆ, ಕೇಳಿದ. ಬೆಳಗಿನಿಂದ ಸಂಜೆಯವರೆಗೆ ಕೇಳುವುದೇ ಅವನ ಕಸುಬಾಯಿತು. ಗಿರಾಕಿ ಗಾಡಿಯಿಂದ ಇಳಿದು ಚೀಲ ಕೆಳಗಿಡುವ ಮೊದಲೇ, ದಾರಿಯಲ್ಲಿ ತೊಂದರೆ ಆಗಲಿಲ್ಲ ತಾನೆ ಎನ್ನುತ್ತಿದ್ದ. ಮೊದಲ ತುತ್ತು ಬಾಯಲ್ಲಿರುವಾಗಲೇ, ರುಚಿಯಾಗಿದೆ ತಾನೆ ಎನ್ನುತ್ತಿದ್ದ. ಬಾಯಿ ತುಂಬ ಅನ್ನವಿದ್ದವರು ತಲೆಯಾಡಿಸದೆ ಇನ್ನೇನು ಮಾಡಿಯಾರು? ಊಟವಾಗಿ ಒಂದು ಜೊಂಪು ಹತ್ತಿದವರ ಬಾಗಿಲು ತಟ್ಟಿ, ನಿದ್ದೆ ಬಂತು ತಾನೆ ಎಂದು ವಿಚಾರಿಸುತ್ತಿದ್ದ. ಬಂದಿತ್ತು ಎಂದು ಅವರು ಹೇಳುತ್ತಿದ್ದರು.

ಇಲ್ಲಿ ಅಡವಯ್ಯನಿಗೆ ನಗು ಬಂತು. ಗುರುಗಳು ನಗಲಿಲ್ಲವಾದ್ದರಿಂದ ಅವನೂ ನಗುವನ್ನು ನುಂಗಿಕೊಂಡ.

ಹೊರಡುವವರನ್ನು ಬೀಳ್ಕೊಡುವಾಗ ಯಜಮಾನ ಮೆಟ್ಟಿಲ ಬುಡದಲ್ಲಿ ಕೈಮುಗಿದು ನಿಲ್ಲುತ್ತಿದ್ದ. ಏನೂ ಕೊರತೆಯಿಲ್ಲ ತಾನೆ ಎಂದು ಕೇಳುತ್ತಿದ್ದ. ಕೇಳುವಾಗ ಅವನ ಮುಖ ನೋಡುವಂತಿರಲಿಲ್ಲ. ಒಂದು ಮಾತು ಹೆಚ್ಚುಕಮ್ಮಿಯಾದರೆ ಅಲ್ಲೇ ಅತ್ತುಬಿಡುತ್ತಾನೇನೋ ಎನ್ನುವಂತಿರುತ್ತಿತ್ತು. ಅಂಥವನಿಗೆ ನಿನ್ನ ಹಾಸಿಗೆಯಲ್ಲಿ ತಿಗಣೆಯಿದೆ ಎಂದು ಹೇಳುವಷ್ಟು ಕಲ್ಲುಮನಸ್ಸು ಯಾರಿಗಿದ್ದೀತು? ಏನೂ ಕೊರತೆಯಿಲ್ಲ ಎಂದು ಹೇಳಿ ಜನ ಹೊರಬೀಳುತ್ತಿದ್ದರು. ಚೌಕ ದಾಟಿ ಚಹಾದಂಗಡಿಯಲ್ಲಿ ಕುಳಿತು, ತೋಳು ಕೆರೆದುಕೊಳ್ಳುತ್ತ, ಕಂಡವರಿಗೆಲ್ಲ ಎಲ್ಲವನ್ನೂ ಹೇಳುತ್ತಿದ್ದರು.

ಹೇಳುವುದಕ್ಕೆ ಬೇಕಾದಷ್ಟಿತ್ತು. ಮುಂದಿನ ಕೋಣೆಯ ಕಿಟಕಿ ಮುಚ್ಚುತ್ತಿರಲಿಲ್ಲ, ಹಿಂದಿನ ಕೋಣೆಯದು ತೆರೆಯುತ್ತಿರಲಿಲ್ಲ. ಸ್ನಾನದ ನೀರು ಒಲೆಯಿಂದ ಮಹಡಿ ಸೇರುವಷ್ಟರಲ್ಲಿ ಆರಿಹೋಗಿರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮೆಟ್ಟಿಲ ಸಾಲಿನ ಮೇಲುಗಡೆ ಒಂದು ಹಲಗೆ ಸಡಿಲವಾಗಿತ್ತು. ನಡುವೆ ಕಾಲಿಟ್ಟರೆ ಮಗುಚಿಕೊಳ್ಳುವಂತೆ ಅಲುಗುತ್ತಿತ್ತು. ಒಮ್ಮೆ ಹತ್ತಿದವರು ಮರುಸಲ ಎಚ್ಚರವಾಗಿರುತ್ತಿದ್ದರು. ಕೆಲಸದವರು ಗೋಡೆಯ ಬದಿಗೆ ಕಾಲಿಟ್ಟು ಹತ್ತುವುದನ್ನು ರೂಢಿಮಾಡಿಕೊಂಡಿದ್ದರು. ಅವರನ್ನೂ ಯಜಮಾನ ದಿನಾ ಕೇಳುತ್ತಿದ್ದ, ಎಲ್ಲ ಸರಿಯಾಗಿದೆ ತಾನೆ ಎಂದು. ಸರಿಯಾಗಿದೆ ಎಂದು ಅವರೂ ಹೇಳುತ್ತಿದ್ದರು. ಅವನೊಬ್ಬನಿಗೆ ಮಾತ್ರ ಆ ಹಲಗೆಯ ಸುದ್ದಿ ಗೊತ್ತಿರಲಿಲ್ಲ. ಮೇಲಿನವರನ್ನು ವಿಚಾರಿಸುವ ಅವಸರದಲ್ಲಿ ಅವನು ಯಾವಾಗಲೂ ಎರಡೆರಡು ಮೆಟ್ಟಿಲು ಹಾರಿಕೊಂಡು ಹೋಗುತ್ತಿದ್ದ. ಅವನ ಕಾಲು ಅದರ ಮೇಲೆ ಬಿದ್ದದ್ದೇ ಇಲ್ಲ.

ಬರುಬರುತ್ತ ಕೋಣೆಗಳು ಖಾಲಿ ಬೀಳತೊಡಗಿದವು. ಯಜಮಾನನಿಗೆ ಕೈಕಾಲೇ ಆಡದಂತಾಯಿತು. ಹೋದವರೆಲ್ಲ ಚೆನ್ನಾಗಿದೆ ಎಂದೇ ಹೋಗಿದ್ದಾರೆ, ಬರುವವರು ಮಾತ್ರ ಇಲ್ಲ. ಯಾರೋ ಆಗದವರು ಚಾಡಿ ಹೇಳುತ್ತಿದ್ದಾರೆ ಎಂದುಕೊಂಡ. ಬಾಗಿಲಿಗೆ ಹೂವಿನ ಹಾರ ಕಟ್ಟಿಸಿದ. ಬಂದವರಿಗೆ ಪನ್ನೀರು ಚಿಮುಕಿಸಿದ. ಉಳಿದಿದ್ದ ನಾಲ್ಕು ಜನ ಗಿರಾಕಿಗಳನ್ನು ಮೊದಲಿನ ಎರಡರಷ್ಟು ಕೇಳತೊಡಗಿದ. ಅವರು ಅವನ ಹೆಜ್ಜೆ ಸಪ್ಪಳ ಕೇಳಿದೊಡನೆ ಮಲಗಿದವರಂತೆ ಕಣ್ಣು ಮುಚ್ಚುತ್ತಿದ್ದರು.

ಹೀಗಿರುವಾಗ ಅವನ ತಾಯಿ ಬರುತ್ತಾಳೆಂದು ಸುದ್ದಿ ಬಂತು. ಗಂಡ ಸತ್ತ ಮೇಲೆ ಆಕೆ ಮಗಳ ಊರಿನಲ್ಲಿದ್ದಳು. ವಸತಿಗೃಹ ಮಗನ ಕೈಗೆ ಬಂದ ಮೇಲೆ ಒಮ್ಮೆಯೂ ನೋಡಿರಲಿಲ್ಲ. ಯಜಮಾನನಿಗೆ ಸಂತೋಷವಾಗಬೇಕಿತ್ತು, ಭಯವೇ ಹೆಚ್ಚಾಯಿತು. ನಿಮ್ಮಪ್ಪ ನಡೆಸಿದ ಹಾಗೇ ನಡೆಸುತ್ತಿದ್ದೀಯ ಎಂಬ ಒಂದು ಮಾತು ಆಕೆಯ ಬಾಯಿಂದ ಬಂದರೆ ಸಾಕು, ಊರೆಲ್ಲ ಬೈದರೂ ಚಿಂತೆಯಿಲ್ಲ. ಆ ಮಾತು ಬಾರದೆ ಹೋದರೆ ತಾನು ಬದುಕಿ ಏನು ಎಂದುಕೊಂಡ. ಗೋಡೆಗೆ ಸುಣ್ಣ ಬಳಿಸಿದ, ಚೌಕದ ಕಡೆಗಿದ್ದ ಮುಂದಿನ ಕೋಣೆಗೆ ಹೊಸ ಹಾಸಿಗೆ ಹಾಕಿಸಿದ. ಕಿಟಕಿ ಮುಚ್ಚುವುದಿಲ್ಲವೆಂದು ಅವನಿಗೆ ಯಾರೂ ಹೇಳಿರಲಿಲ್ಲವಲ್ಲ, ಅದಕ್ಕೆ ಹೊಸ ಪರದೆ ಕಟ್ಟಿಸಿದ.

ತಾಯಿ ಬಂದಳು. ವಯಸ್ಸಾಗಿತ್ತು, ಬಸವಳಿದಿದ್ದಳು. ಕೆಳಗೇ ಜಗಲಿಯ ಮೇಲೆ ಸ್ವಲ್ಪ ಕೂರೋಣವೆಂದು ಆಕೆಗಿತ್ತು. ಆದರೆ ಮಗನ ಕಣ್ಣಿನ ಆಸೆ ನೋಡಿ ಬಾಯಿ ಬಿಡಲಿಲ್ಲ. ಅವನು ಆಕೆಯ ಚೀಲ ಕೈಗೆತ್ತಿಕೊಂಡು ಎಂದಿನಂತೆ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ. ಹೋಗಿ ಹಿಂತಿರುಗಿ ನೋಡಿದ. ತಾಯಿ ಗೋಡೆ ಹಿಡಿದುಕೊಂಡು ಮೆಲ್ಲಗೆ ಹತ್ತಿ ಬರುತ್ತಿದ್ದಳು. ಅವನಿಗೆ ತಡೆಯಲಾಗಲಿಲ್ಲ. ಹತ್ತೋಕೆ ಕಷ್ಟ ಇಲ್ಲ ತಾನೆ ಅಮ್ಮಾ ಎಂದು ಕೇಳಿದ.

ಇಲ್ಲ ಎಂದು ಹೇಳುವುದಕ್ಕೆ ತಾಯಿ ತಲೆಯೆತ್ತಿದಳು. ಗೋಡೆಯ ಮೇಲಿನ ಕೈ ಬಿಟ್ಟು, ಮಗನ ಕಡೆ ನೋಡುತ್ತಲೇ ಆ ಹಲಗೆಯ ನಡುವೆ ಕಾಲಿಟ್ಟಳು.

ಅಡವಯ್ಯನ ಕೈ ತನಗೆ ತಾನೇ ಬಾಯಿಯ ಮೇಲೆ ಬಂತು. ಗುರುಗಳು ಮುಂದುವರಿಸಿದರು.

ಜನ ಕೂಡಿದರು. ಆಕೆಯನ್ನು ಎತ್ತಿ ಊಟದ ಮನೆಯಲ್ಲಿ ಮಲಗಿಸಿದರು. ಸೊಂಟದ ಮೂಳೆ ಮುರಿದಿತ್ತು. ಮೂಳೆ ಕಟ್ಟುವವನನ್ನು ಕರೆತರಲು ಒಬ್ಬ ಓಡಿದ. ಯಜಮಾನ ಮಗುಚಿದ ಹಲಗೆಯನ್ನು ಕೈಯಲ್ಲಿ ಹಿಡಿದುಕೊಂಡು ಹುಚ್ಚನ ಹಾಗೆ ನಿಂತಿದ್ದ. ಅಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ತಂದೆಯ ಕಾಲದಿಂದಲೂ ಅಲ್ಲೇ ಇಳಿಯುತ್ತಿದ್ದವನು, ಹಳೆಯ ಋಣಕ್ಕೆ ಇನ್ನೂ ಬರುತ್ತಿದ್ದವನು. ಹೋದ ವರ್ಷವೇ ಇದು ಅಲ್ಲಾಡುತ್ತಿತ್ತು ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ. ಅದು ಯಜಮಾನನ ಕಿವಿಗೆ ಬಿತ್ತು.

“ನಿಮಗೆ ಗೊತ್ತಿತ್ತಾ? ಹೊರಡುವಾಗ ಪ್ರತಿ ಸಲ ಕೇಳಿದ್ದೆನಲ್ಲ. ಒಂದು ಮಾತು ಹೇಳಬಾರದಿತ್ತಾ?”

ವ್ಯಾಪಾರಿ ತಲೆ ತಗ್ಗಿಸಿದ. ಅವನಿಗೂ ಸಂಕಟವಾಗಿತ್ತು, ತನ್ನ ಪಾಲಿನ ತಪ್ಪು ಅವನಿಗೂ ಗೊತ್ತಿತ್ತು.

“ಹೇಳಬೇಕಿತ್ತು ಯಜಮಾನ್ರೆ, ಹೇಳಲಿಲ್ಲ. ನಿಮ್ಮಪ್ಪ ನಮ್ಮ ಪಕ್ಕ ಕೂತ್ಕೊಂಡು, ಏನು ಕೆಟ್ಟಿದೆ ಹೇಳ್ರಪ್ಪ ಅಂತ ಕೇಳೋರು. ನೀವು, ಏನೂ ಕೆಟ್ಟಿಲ್ಲ ತಾನೆ ಅಂತ ಕೇಳ್ತೀರಿ. ಹಾಗೆ ಕೇಳಿದೋರಿಗೆ ಏನು ಹೇಳೋದು?”

ಯಜಮಾನ ಹಲಗೆಯನ್ನು ಕೆಳಗಿಟ್ಟು ತಾಯಿಯ ಹತ್ತಿರ ಹೋದ. ಮೂಳೆ ಕಟ್ಟುವವನು ಬಂದು ಬಿದಿರ ದಬ್ಬೆಗಳನ್ನು ಹೊಂದಿಸುತ್ತಿದ್ದ. ತಾಯಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಹಣೆಯ ಮೇಲೆ ಬೆವರು ಸುರಿಯುತ್ತಿತ್ತು. ಮಗ ಆಕೆಯ ಪಕ್ಕ ಮಂಡಿಯೂರಿ ಕುಳಿತ. ಕೇಳಬಾರದು ಎಂದು ಅವನಿಗೆ ಆ ಕ್ಷಣ ಗೊತ್ತಿತ್ತು, ಗೊತ್ತಿದ್ದೂ ಬಾಯಿ ಕೇಳಿಬಿಟ್ಟಿತು.

“ಅಮ್ಮಾ, ತುಂಬ ನೋವಿಲ್ಲ ತಾನೆ?”

ತಾಯಿ ಸೆರಗನ್ನು ಬಾಯಿಂದ ತೆಗೆದಳು. ಮಗನ ಮುಖ ನೋಡಿದಳು. ಆ ಮುಖ ಎಂದಿನಂತೆಯೇ ಅಳುವ ಹಾಗಿತ್ತು. ಆಕೆ ಅವನ ಕೆನ್ನೆ ಸವರಿ, “ಇಲ್ಲಪ್ಪ, ಏನೂ ಇಲ್ಲ. ನೀನು ಹೆದರಬೇಡ” ಎಂದಳು. ಹೇಳಿ ಮತ್ತೆ ಸೆರಗನ್ನು ಕಚ್ಚಿಕೊಂಡಳು.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಹೊರಗೆ ಬಸ್ಸೊಂದು ಹಾರನ್ ಬಾರಿಸಿಕೊಂಡು ಹೋಯಿತು.

ಅಡವಯ್ಯ ತಡೆದು ತಡೆದು, ಆ ತಾಯಿ ಆಮೇಲೆ ನಡೆದಾಡಿದಳೇ ಎಂದು ಕೇಳಿದ. ನಡೆದಳು, ಯಾರದಾದರೂ ಭುಜ ಹಿಡಿದುಕೊಂಡು ಎಂದು ಗುರುಗಳು ಹೇಳಿದರು. ಆ ಮನುಷ್ಯ ಬದಲಾದನೇ ಎಂದು ಕೇಳಿದ. ಅದು ಕತೆಯಲ್ಲಿಲ್ಲ ಎಂದರು.

ಅಡವಯ್ಯನಿಗೆ ಬೆಳಿಗ್ಗೆ ಹೊರಟುಹೋದ ಕುಟುಂಬ ಕಣ್ಣಮುಂದೆ ಬಂತು. ಆ ಮನೆಯ ಹೆಂಗಸು ಸ್ನಾನದ ಕೋಣೆಯ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದಿದ್ದಳು. ತಾನು ಅಷ್ಟರಲ್ಲಿ, ನೀರು ಚೆನ್ನಾಗಿ ಬರ್ತಿದೆ ತಾನೆ ಎಂದಿದ್ದ. ಆಕೆ ಬಾಯಿ ಮುಚ್ಚಿಕೊಂಡು, ಹೌದು ಎಂದಿದ್ದಳು. ಏನು ಹೇಳಲು ಬಂದಿದ್ದಳೋ ಈಗ ಯಾರನ್ನು ಕೇಳುವುದು? ಅದಕ್ಕೂ ಮೊದಲು ಬಂದವರು ನೆನಪಾದರು, ಅವರಿಗಿಂತ ಮೊದಲು ಬಂದವರು ನೆನಪಾದರು. ಎಲ್ಲರೂ ಒಂದೇ ಮಾತು ಹೇಳಿ ಹೋಗಿದ್ದರು. ಏನೋ ಅರ್ಥವಾಗುತ್ತ ಬಂದಿತ್ತು, ಆದರೆ ಅದಕ್ಕಿಂತ ಮುಂಚೆ ಹೆದರಿಕೆ ಬಾಯಿಗೆ ಬಂತು.

“ಬುದ್ಧಿ, ನಾನು ಆ ಯಜಮಾನನ ಹಾಗಲ್ಲ ತಾನೆ?”

ಗುರುಗಳು ಪಕ್ಕದಲ್ಲಿದ್ದ ಲೋಟವನ್ನು ಎತ್ತಿ ಅವನ ಕೈಗೆ ಕೊಟ್ಟರು. ಕಷಾಯ ಒಂದು ಗುಟುಕು ಮಾತ್ರ ಕಡಿಮೆಯಾಗಿತ್ತು, ತಣ್ಣಗಾಗಿತ್ತು. ಅವರು ಅವನ ಮುಖವನ್ನೇ ನೋಡುತ್ತ, ಬಹಳ ಪ್ರೀತಿಯಿಂದ ಹೇಳಿದರು:

“ಇಲ್ಲಪ್ಪ, ಏನೂ ಇಲ್ಲ. ನೀನು ಹೆದರಬೇಡ.”