ಟೈರು ಅಂಗಡಿಯವನು ಒಮ್ಮೆ ಹೇಳಿದ್ದು

"ಗುರುಗಳೇ, ತಪ್ಪು ನಡೆಯುತ್ತಿದೆ ಎಂದು ಗೊತ್ತಾದವನು ಒಮ್ಮೆ ಹೇಳಿದ. ಎದುರಿನವನು ಕೇಳಲಿಲ್ಲ. ಅಲ್ಲಿಗೆ ಹೇಳಿದವನ ಹೊಣೆ ಮುಗಿಯಿತಲ್ಲವೇ?"

ಹೀಗೆ ಕೇಳಿದವನು ಬಸಲಿಂಗ. ಅವನು ಮಠಕ್ಕೆ ಸೇರಿ ಆರು ವರ್ಷವಾಗಿತ್ತು. ಹಿಂದಿನ ವಾರ ಊರಿಗೆ ಹೋಗಿ ಬಂದಿದ್ದ. ಅಲ್ಲಿ ಅವನ ಅಣ್ಣ ಮಗಳ ಮದುವೆ ಗೊತ್ತುಮಾಡಿದ್ದ. ವರ ತನ್ನ ಮೊದಲ ಹೆಂಡತಿಯನ್ನು ಹೊಡೆದು ತವರಿಗೆ ಅಟ್ಟಿದವನು ಎಂಬ ಸಂಗತಿ ಬಸಲಿಂಗನಿಗೆ ವರನ ಊರಿನವರಿಂದಲೇ ತಿಳಿಯಿತು. ಅಣ್ಣನಿಗೆ ಹೇಳಿದ. "ಮಠ ಸೇರಿದವನಿಗೆ ಸಂಸಾರದ ಮಾತು ಯಾಕೆ?" ಎಂದು ಅಣ್ಣ ಅವನ ಬಾಯಿ ಮುಚ್ಚಿಸಿದ. ಬಸಲಿಂಗ ಮರುದಿನ ಬೆಳಿಗ್ಗೆ ಬಸ್ಸು ಹಿಡಿದ.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು. ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಕೂರಲು ಹೇಳಿ ಈ ಕತೆ ಹೇಳಿದರು.

ಬೆಟ್ಟದ ಬುಡದ ಒಂದು ಪೇಟೆಯಲ್ಲಿ ಒಬ್ಬ ಟೈರು ಅಂಗಡಿಯವನಿದ್ದ. ಕೆಲಸ ಬಲ್ಲವನು. ಗಾಡಿ ಬಂದು ನಿಂತ ಕೂಡಲೇ ಅದು ಯಾವ ದಾರಿಯಲ್ಲಿ ಓಡಿದೆ, ಓಡಿಸುವವನು ಬ್ರೇಕನ್ನು ಹೇಗೆ ತುಳಿಯುತ್ತಾನೆ ಎಂಬುದನ್ನು ಟೈರು ನೋಡಿಯೇ ಹೇಳಬಲ್ಲವನಾಗಿದ್ದ. ಮಾತು ಕಡಿಮೆ. ಅಭಿಮಾನ ಸ್ವಲ್ಪ ಹೆಚ್ಚು.

ಅದೇ ಪೇಟೆಯಲ್ಲಿ ಒಬ್ಬ ಜೀಪಿನವನಿದ್ದ. ಅವನದು ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಜೀಪು. ಬೆಟ್ಟದ ಮೇಲೆ ಕಾಡಿನ ಜನ ವಾಸವಿದ್ದ ಹಾಡಿಗೆ ಬೇರೆ ಯಾವ ಗಾಡಿಯೂ ಹೋಗುತ್ತಿರಲಿಲ್ಲ. ಅಕ್ಕಿ ಮೂಟೆ, ಶಾಲೆಯ ಮೇಷ್ಟ್ರು, ಹೆರಿಗೆಗೆ ಇಳಿಯುವ ಹೆಂಗಸರು, ಎಲ್ಲರಿಗೂ ಆ ಜೀಪೇ ಗತಿ. ಪ್ರತಿ ಮಂಗಳವಾರ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಮಕ್ಕಳಿಗೆ ಹಾಕುವ ಲಸಿಕೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರಲ್ಲೇ ಹೋಗಿಬರುತ್ತಿದ್ದಳು.

ಮಾಘ ಮಾಸದ ಒಂದು ದಿನ ಜೀಪಿನವನು ಟೈರು ಬದಲಿಸಲು ಬಂದ. ಹಳೆಯ ನಾಲ್ಕೂ ಸವೆದು ಹೋಗಿದ್ದವು. ಅಂಗಡಿಯವನು ಒಳಗಿನಿಂದ ಒಂದು ಟೈರು ತಂದು ಮುಂದಿಟ್ಟ. ಒರಟು ಟೈರು. ಬೆರಳು ಮುಳುಗುವಷ್ಟು ಆಳದ ಗೀರುಗಳು, ನಡುವೆ ದಪ್ಪ ದಪ್ಪ ರಬ್ಬರ್ ಗಡ್ಡೆಗಳು. ಜೀಪಿನವನು ಅದನ್ನು ಕಾಲಿನಿಂದ ಸರಿಸಿದ. ಗೋಡೆಗೆ ಒರಗಿಸಿದ್ದ ರಸ್ತೆ ಟೈರನ್ನು ತೋರಿಸಿದ.

"ಅದು ಬೇಡ, ಕಿವಿ ಹೋಗುವ ಹಾಗೆ ಗುಂಯ್ ಅನ್ನುತ್ತದೆ. ಡೀಸೆಲ್ಲೂ ಕುಡಿಯುತ್ತದೆ. ನಾಲ್ಕೂ ಚಕ್ರ ಎಳೆಯುವ ಗಾಡಿ ನನ್ನದು. ಯಾವ ಟೈರು ಹಾಕಿದರೂ ಹತ್ತುತ್ತದೆ."

"ಹತ್ತುತ್ತದೆ," ಎಂದ ಅಂಗಡಿಯವನು. "ಇಳಿಯುವಾಗ ಎಂಜಿನ್ನು ಹಿಡಿಯುವುದು ಅರ್ಧ. ಉಳಿದದ್ದೆಲ್ಲ ಟೈರೇ ಹಿಡಿಯಬೇಕು. ಮೇಲೆ ಇರುವುದು ಜೇಡಿಮಣ್ಣು. ಮಳೆ ಬಿದ್ದ ದಿನ ಈ ರಸ್ತೆ ಟೈರಿನ ಸಣ್ಣ ಗೀರುಗಳಲ್ಲಿ ಮಣ್ಣು ತುಂಬಿಕೊಂಡರೆ ನೀನು ಎಣ್ಣೆ ಸವರಿದ ಹಲಗೆಯ ಮೇಲೆ ಕೂತು ಜಾರಿದ ಹಾಗೆ. ಆ ದಾರಿಗೆ ಇದು ಆಗದು."

ಅಂಗಡಿಯ ಬೆಂಚಿನ ಮೇಲೆ ನಾಲ್ಕೈದು ಜನ ಕೂತಿದ್ದರು. ಜೀಪಿನವನು ಅವರ ಕಡೆ ತಿರುಗಿದ.

"ನೋಡಿದಿರಾ, ಮೂಲೆಯಲ್ಲಿ ಬಿದ್ದಿರುವ ಸರಕನ್ನು ನನ್ನ ತಲೆಗೆ ಕಟ್ಟಲು ನೋಡುತ್ತಿದ್ದಾನೆ."

ಬೆಂಚಿನವರು ನಕ್ಕರು. ಅದು ದೊಡ್ಡ ನಗುವೇನೂ ಅಲ್ಲ. ಆದರೆ ಅಂಗಡಿಯವನ ಕಿವಿ ಬಿಸಿಯಾಯಿತು. ಇಪ್ಪತ್ತು ವರ್ಷ ಆ ಪೇಟೆಯಲ್ಲಿ ಒಬ್ಬರಿಗೂ ಬೇಡದ ವಸ್ತು ಮಾರಿದವನಲ್ಲ. ಒರಟು ಟೈರನ್ನು ಉರುಳಿಸಿಕೊಂಡು ಹೋಗಿ ಒಳಗಿಟ್ಟ. ರಸ್ತೆ ಟೈರುಗಳನ್ನು ನಾಲ್ಕೂ ಚಕ್ರಕ್ಕೆ ಹಾಕಿದ. ಅಚ್ಚುಕಟ್ಟಾಗಿಯೇ ಹಾಕಿದ. ಒಂದು ನಟ್ಟೂ ಸಡಿಲ ಬಿಡಲಿಲ್ಲ.

ಆಮೇಲೆ ಜೀಪು ವಾರಕ್ಕೊಮ್ಮೆ ಗಾಳಿ ಹಾಕಿಸಿಕೊಳ್ಳಲು ಬರುತ್ತಿತ್ತು. ಅಂಗಡಿಯವನು ಪ್ರತಿ ಸಲವೂ ಆ ಟೈರುಗಳನ್ನು ನೋಡುತ್ತಿದ್ದ. ಪ್ರತಿ ಸಲವೂ ಒಂದು ಮಾತು ಗಂಟಲವರೆಗೆ ಬರುತ್ತಿತ್ತು. ಬೆಂಚಿನ ನಗು ನೆನಪಾಗುತ್ತಿತ್ತು. ಹೇಳಿದ್ದೇನೆ, ಇನ್ನು ಅವನ ಪಾಡು ಎಂದುಕೊಂಡು ಗಾಳಿ ಹಾಕಿ ಕಳಿಸುತ್ತಿದ್ದ. ನಿಜ ಹೇಳಬೇಕೆಂದರೆ ಅವನು ಮೊದಲ ಮಳೆಗೆ ಕಾಯುತ್ತಿದ್ದ. ಯಾರಿಗೂ ಕೇಡು ಬಯಸಿರಲಿಲ್ಲ. ಜೀಪು ಕೆಸರಿನಲ್ಲಿ ಹೂತುಹೋಗಿ, ಜೀಪಿನವನು ಮೊಣಕಾಲಿನವರೆಗೆ ಮಣ್ಣು ಮೆತ್ತಿಕೊಂಡು ನಡೆದು ಬಂದು, ಅದೇ ಬೆಂಚಿನವರ ಮುಂದೆ ಒರಟು ಟೈರು ಕೇಳಬೇಕು. ಅಷ್ಟೇ ಅವನ ಆಸೆ. ಅದನ್ನು ನೆನೆದು ಒಮ್ಮೊಮ್ಮೆ ಒಬ್ಬನೇ ನಗುತ್ತಿದ್ದ.

ಮೊದಲ ಮಳೆ ಒಂದು ಸೋಮವಾರ ಸಂಜೆ ಬಿತ್ತು. ಮಂಗಳವಾರ ಬೆಳಿಗ್ಗೆ ಜೀಪು ಅಂಗಡಿಯ ಮುಂದೆ ನಿಂತಿತು. ಮುಂದಿನ ಸೀಟಿನಲ್ಲಿ ನರ್ಸಮ್ಮ ಪೆಟ್ಟಿಗೆ ಹಿಡಿದು ಕೂತಿದ್ದಳು. ಜೀಪಿನವನು ಗಾಳಿ ಗಟ್ಟಿಯಾಗಿ ಹಾಕು ಎಂದು ಹೇಳಿ ಬೀಡಿ ಹಚ್ಚಿದ. ಕೆಸರಿನ ದಾರಿಗೆ ಗಾಳಿ ಸ್ವಲ್ಪ ಕಡಿಮೆ ಇರಬೇಕು ಎಂಬುದು ಅಂಗಡಿಯವನಿಗೆ ಗೊತ್ತಿತ್ತು. ಆದರೂ ಜೀಪಿನವನು ಹೇಳಿದಷ್ಟೇ ಹಾಕಿದ. ರೂಢಿಯಂತೆ ನಾಲ್ಕೂ ಟೈರನ್ನು ಒಂದೊಂದಾಗಿ ಅಂಗೈಯಿಂದ ತಟ್ಟಿದ. ನರ್ಸಮ್ಮ ಹೊರಗೆ ಬಾಗಿ ನೋಡುತ್ತಿದ್ದಳು.

"ಮಳೆ ಬಿದ್ದಿದೆ. ಮೇಲೆ ದಾರಿ ಹೇಗಿದೆಯೋ," ಎಂದಳು. ಯಾರನ್ನು ಕೇಳಿದಳೋ ತಿಳಿಯಲಿಲ್ಲ. ಅಂಗಡಿಯವನು ಪೈಪು ಸುತ್ತುತ್ತಿದ್ದ. ಸುತ್ತುತ್ತಲೇ ಇದ್ದ.

ಜೀಪು ಬೆಟ್ಟ ಹತ್ತಿತು. ಆಕೆ ಹಾಡಿಯ ಮಕ್ಕಳಿಗೆಲ್ಲ ಲಸಿಕೆ ಹಾಕಿದಳು. ಇಳಿಯುವಾಗ ಮೂರನೆಯ ತಿರುವಿನಲ್ಲಿ ಜೀಪಿನವನು ಬ್ರೇಕು ತುಳಿದ. ಚಕ್ರಗಳು ನಿಂತವು. ಜೀಪು ನಿಲ್ಲಲಿಲ್ಲ, ಜಾರಿ ಕಮರಿಗೆ ಉರುಳಿತು. ಕಮರಿಯ ಬಂಡೆಗೆ ಬಡಿದದ್ದು ನರ್ಸಮ್ಮ ಕೂತಿದ್ದ ಕಡೆ. ಜೀಪಿನವನ ತೊಡೆಯ ಮೂಳೆ ಎರಡಾಯಿತು. ಆಕೆ ಅಲ್ಲೇ ತೀರಿಕೊಂಡಳು.

ಸುದ್ದಿ ಮಧ್ಯಾಹ್ನ ಪೇಟೆಗೆ ಬಂತು. ಜೀಪು ಉರುಳಿತಂತೆ ಎಂದು ಒಬ್ಬ ಓಡಿಬಂದು ಹೇಳಿದಾಗ ಅಂಗಡಿಯವನ ಬಾಯಿಂದ ಬಂದ ಮೊದಲ ಮಾತು, "ನಾನು ಹೇಳಿದ್ದೆ." ಯಾರಿಗೆ ಏನಾಯಿತು ಎಂದು ಕೇಳಿದ್ದು ಆಮೇಲೆ.

ವಿಚಾರಣೆಗೆ ಬಂದ ಪೊಲೀಸರಿಗೆ ಹೇಳಿದ. ಬೆಂಚಿನ ಮೇಲೆ ಕೂರುವವರಿಗೆ ಹೇಳಿದ. ಹೌದು, ಇವನು ಹೇಳಿದ್ದ, ನಾವೇ ಕೇಳಿದ್ದೇವೆ ಎಂದು ಅವತ್ತು ನಕ್ಕವರೇ ಸಾಕ್ಷಿ ನುಡಿದರು. ಅವನ ಮಾತಿಗೆ ತೂಕ ಬಂತು. ಟೈರು ಕೊಳ್ಳಲು ಬಂದವರು ನೀನು ಹೇಳಿದ್ದನ್ನೇ ಹಾಕು ಎನ್ನತೊಡಗಿದರು. ಅವನು ಆ ದಿನದ ಮಾತನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲರಿಗೂ ವಿವರಿಸುತ್ತಿದ್ದ. ಹೇಳಿದ ಮೇಲೆ ಪ್ರತಿ ಸಲವೂ ಸ್ವಲ್ಪ ಹೊತ್ತು ಮನಸ್ಸು ಹಗುರವಾಗುತ್ತಿತ್ತು. ಆಮೇಲೆ ಮತ್ತೆ ಯಾರಿಗಾದರೂ ಹೇಳಬೇಕಾಗುತ್ತಿತ್ತು.

ಐದು ತಿಂಗಳ ಮೇಲೆ ಜೀಪಿನವನು ಕಂಕುಳಿಗೆ ಕೋಲು ಕೊಟ್ಟುಕೊಂಡು ಅಂಗಡಿಗೆ ಬಂದ. ಇವನು ಜಗಳಕ್ಕೇ ಬಂದಿದ್ದಾನೆ, ನೀನು ಹೇಳಲೇ ಇಲ್ಲ ಎನ್ನುತ್ತಾನೆ ಎಂದು ಅಂಗಡಿಯವನು ಮೈ ಬಿಗಿಹಿಡಿದು ನಿಂತ. ಆದರೆ ಜೀಪಿನವನು ಬೆಂಚಿನ ಮೇಲೆ ಮೆಲ್ಲಗೆ ಕೂತ.

"ನೀನು ಹೇಳಿದ್ದೆ. ಇಲ್ಲ ಅನ್ನುವುದಿಲ್ಲ," ಎಂದ. "ನನ್ನ ತಪ್ಪು ನನ್ನದು. ಅದನ್ನು ನಾನು ಹೊತ್ತುಕೊಂಡಿದ್ದೇನೆ. ಒಂದು ಮಾತು ನಿನಗೆ ತಿಳಿದಿರಲಿ ಎಂದು ಬಂದೆ. ಅವತ್ತು ಪೇಟೆ ದಾಟಿದ ಮೇಲೆ ಆಕೆ ನನ್ನನ್ನು ಕೇಳಿದಳು, ಇವತ್ತು ಬೇಡ ಅನಿಸುತ್ತದೆ, ಮುಂದಿನ ವಾರ ಹೋಗೋಣವಾ ಅಂತ. ನಾನು ಉತ್ತರ ಕೊಡುವ ಮೊದಲೇ ತಾನೇ ಹೇಳಿಕೊಂಡಳು, ಟೈರಿನವರು ನಾಲ್ಕೂ ತಟ್ಟಿ ನೋಡಿದರಲ್ಲ, ಏನಾದರೂ ಇದ್ದರೆ ಅವರು ಹೇಳುತ್ತಿದ್ದರು ಅಂತ."

ಅಂಗಡಿಯವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಏನೋ ಹೇಳಲು ಬಾಯಿ ತೆರೆದ. ಐದು ತಿಂಗಳಿಂದ ಹೇಳಿ ಹೇಳಿ ರೂಢಿಯಾಗಿದ್ದ ಮಾತೇ ನಾಲಿಗೆಗೆ ಬಂತು. ಹೊರಗೆ ಬರಲಿಲ್ಲ. ಜೀಪಿನವನು ಕೋಲು ಊರಿಕೊಂಡು ಎದ್ದುಹೋದ.

ಅಂದಿನಿಂದ ಅವನು ಆ ಮಾತನ್ನು ಆಡಲಿಲ್ಲ. ಬೇರೆ ಯಾರಾದರೂ ನೆನಪು ಮಾಡಿ, ನೀನು ಹೇಳಿದ್ದೆಯಲ್ಲ ಎಂದು ಹೊಗಳಿದರೆ ಎದ್ದು ಒಳಗೆ ಹೋಗುತ್ತಿದ್ದ. ಗಿರಾಕಿ ಕರೆದರೂ ಬೇಗ ಹೊರಗೆ ಬರುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಬಸಲಿಂಗ ಒಪ್ಪಲಿಲ್ಲ.

"ಆದರೂ ಗುರುಗಳೇ, ಅಂಗಡಿಯವನು ಹೇಳಬೇಕಾದವನಿಗೆ ಹೇಳಿದ್ದನಲ್ಲ. ಗಾಡಿ ಜೀಪಿನವನದು. ಟೈರು ಆರಿಸಬೇಕಾದವನು ಅವನು. ನಾನೂ ಅಷ್ಟೇ, ಹುಡುಗಿಯ ತಂದೆಗೆ ಹೇಳಿದೆ."

ಗುರುಗಳು ಕೇಳಿದರು:

"ತಂದೆಗೆ ಹೇಳಿದೆ, ಸರಿ, ಆ ಮನೆಗೆ ಹೋಗಿ ಬಾಳಬೇಕಾದ ಹುಡುಗಿಗೆ ಹೇಳಿದೆಯಾ?"