ಮೊದಲೇ ಹೇಳಿಬಿಟ್ಟ ಓಟಿಪಿ

ಹರಿಹರದಲ್ಲಿ ಸರ್ವಮಂಗಳಾ ಎಂಬ ಹೊಲಿಗೆ ಟೀಚರ್ ಇದ್ದರು. ಯಾರಿಗೂ ಮುಖ ಮುರಿದಂತೆ ಮಾತಾಡಿ ಅವರಿಗೆ ಗೊತ್ತೇ ಇರಲಿಲ್ಲ. ಮಗಳು ಬಿಂದುಶ್ರೀ ಒಂಬತ್ತನೇ ಕ್ಲಾಸು, ಚೆಸ್ಸಿನಲ್ಲಿ ಹುಲಿ. ರಾಜ್ಯ ತಂಡಕ್ಕೆ ಆಯ್ಕೆ ಮಾಡುವ ಪಂದ್ಯ ಆನ್‌ಲೈನಿನಲ್ಲಿ ನಡೆಯುವುದಿತ್ತು, ಭಾನುವಾರ ಸಂಜೆ. ಅದಕ್ಕೆಂದೇ ಮನೆಗೆ ಇಂಟರ್ನೆಟ್ ಹಾಕಿಸಿದರು.

ಆ ಇಂಟರ್ನೆಟ್ಟೋ, ದಿನವೆಲ್ಲ ಚೆನ್ನಾಗಿದ್ದು ಸರಿಯಾಗಿ ಸಂಜೆ ಆರಕ್ಕೆ ಕೈಕೊಡುತ್ತಿತ್ತು. ದೂರು ಕೊಟ್ಟರೆ ಲೈನ್‌ಮನ್ ಪರಮೇಶಿ ಬರುತ್ತಿದ್ದುದು ಬೆಳಿಗ್ಗೆ ಹನ್ನೊಂದಕ್ಕೆ! ಮೊಬೈಲಿನಲ್ಲಿ ಸ್ಪೀಡ್ ತೋರಿಸಿ, ಕಾಫಿ ಕುಡಿದು, "ಎಲ್ಲಾ ಸರಿ ಐತಲ್ಲಕ್ಕ. ನಿಮ್ಮ ಫೋನಿಗೆ ಓಟಿಪಿ ಬಂದೈತೆ, ಹೇಳ್ಬಿಡ್ರಿ. ಇಲ್ಲಾಂದ್ರೆ ಆಫೀಸ್ನಾಗೆ ನನ್ನ ಬೈತಾರೆ" ಎನ್ನುತ್ತಿದ್ದ.

ಓಟಿಪಿ ಹೇಳಿದರೆ ಕಂಪನಿಯ ಲೆಕ್ಕದಲ್ಲಿ ದೂರು ಬಗೆಹರಿದಂತೆ. ಪಾಪ, ಬಿಸಿಲಲ್ಲಿ ಬಂದಿದ್ದಾನೆ ಎಂದು ಟೀಚರ್ ಹೇಳಿಬಿಡುತ್ತಿದ್ದರು. ಒಂದಲ್ಲ, ಮೂರು ಸಲ.

"ಸಂಜೆ ಬಂದು ನೋಡು ಅಂತ ಅವನಿಗೆ ಹೇಳಮ್ಮ" ಎಂದು ಮಗಳು ಗೋಗರೆದರೆ, "ಹೋಗ್ಲಿ ಬಿಡೇ, ಅವನೂ ಹೊಟ್ಟೆಪಾಡಿಗೆ ಬರ್ತಾನೆ" ಎಂದರು.

ಭಾನುವಾರ ಬಂತು. ಕೊನೆಯ ಆಟ. ಎದುರಾಳಿಯ ಬಳಿ ಉಳಿದದ್ದು ರಾಜ ಮತ್ತು ಎರಡು ಕಾಲಾಳು. ಗೆಲ್ಲಲು ಇನ್ನು ನಾಲ್ಕು ನಡೆ ಸಾಕಿತ್ತು. ಗಡಿಯಾರ ಆರು ದಾಟಿತು, ಪರದೆ ನಿಂತುಹೋಯಿತು. ಆ ಓಣಿಯೊಳಗೆ ಮೊಬೈಲ್ ಸಿಗ್ನಲ್ ಮೆಸೇಜ್ ಬರುವಷ್ಟೇ, ಆಟಕ್ಕೆ ಸಾಲದು. ಪಂದ್ಯದ ಸಮಯ ಮಾತ್ರ ಯಾರಿಗೂ ಕಾಯದೆ ಓಡಿತು. ನೆಟ್ ಮರಳಿದಾಗ ಬಿಂದು ಸೋತಿದ್ದಳು. ಹುಡುಗಿ ಮುಸುಕೆಳೆದು ಮಲಗಿದಳು, ಊಟಕ್ಕೂ ಏಳಲಿಲ್ಲ.

ಮರುದಿನ ಟೀಚರ್ ಕಂಪನಿಯ ಆಫೀಸಿಗೆ ಹೋದರು. ಮ್ಯಾನೇಜರ್ ಕುರ್ಚಿಯಿಂದಲೂ ಏಳಲಿಲ್ಲ. "ಮೂರು ದೂರು, ಮೂರೂ ಕ್ಲೋಸ್ ಆಗಿದಾವೆ ಮೇಡಮ್. ಸರಿಯಾಯ್ತು ಅಂತ ಓಟಿಪಿ ಕೊಟ್ಟೋರು ನೀವೇ ಅಲ್ವಾ?" ಎಂದ.

ಎಂಥ ಮಾತು ನೋಡಿ! ಮಗುವಿನ ವರ್ಷದ ಶ್ರಮ ಮಣ್ಣುಪಾಲಾಗಿದೆ, ಇವರ ಕಂಪ್ಯೂಟರಿನಲ್ಲಿ ಗ್ರಾಹಕರು ಸಂತುಷ್ಟರು! ಟೀಚರಿಗೆ ಮೈಯೆಲ್ಲ ಉರಿಯಿತು. ಅವನ ಮೇಲೆ ಎಷ್ಟು ಸಿಟ್ಟೋ, ತಮ್ಮ ಮೇಲೂ ಅಷ್ಟೇ. "ನಾಲ್ಕನೇದು ಬರ್ಕೊಳ್ರಿ" ಎಂದು ಎದ್ದು ಬಂದರು.

ಮಂಗಳವಾರ ಹನ್ನೊಂದಕ್ಕೆ ಪರಮೇಶಿ ಹಾಜರು. ಟೀಚರ್ ಕಾಫಿಯನ್ನೇನೋ ಕೊಟ್ಟರು.

"ಓಟಿಪಿ, ಅಕ್ಕಾ?"

"ಸಂಜೆ ಆರಕ್ಕೆ ಬಾರಪ್ಪ. ನನ್ನ ಮಗಳು ಒಂದು ಆಟ ಪೂರ್ತಿ ಆಡಿ ಎದ್ದ ಮೇಲೆ ಹೇಳ್ತೀನಿ."

ಅವನು ಗೊಣಗಿದ, ಆಫೀಸಿನವರ ಹೆಸರು ಹೇಳಿದ. ಟೀಚರ್ ಜಗ್ಗಲಿಲ್ಲ. ಬೇರೆ ದಾರಿಯಿಲ್ಲದೆ ಸಂಜೆ ಬಂದ. ಅವನ ಕಣ್ಣೆದುರೇ ನೆಟ್ ಹೋಯಿತು. ಆಗ ಹೋಗಿ ಕಂಬ ಹತ್ತಿದ. ಅಲ್ಲಿನ ಇಂಟರ್ನೆಟ್ ಪೆಟ್ಟಿಗೆಗೆ ಕರೆಂಟ್ ಬರುತ್ತಿದ್ದುದು ಪಕ್ಕದ ಹಿಟ್ಟಿನ ಗಿರಣಿಯಿಂದ. ಆರಕ್ಕೆ ಗಿರಣಿ ಶುರುವಾದರೆ ವೋಲ್ಟೇಜ್ ಕುಸಿದು ಪೆಟ್ಟಿಗೆ ಆರಿಹೋಗುತ್ತಿತ್ತು. ವೈರನ್ನು ಬೇರೆ ಕಡೆಗೆ ಬದಲಿಸಲು ಹಿಡಿದದ್ದು ಇಪ್ಪತ್ತೇ ನಿಮಿಷ!

ಬಿಂದು ಒಂದು ಆಟ ಪೂರ್ತಿ ಆಡಿದಳು. ಟೀಚರ್ ಓಟಿಪಿ ಓದಿ ಹೇಳಿದರು.

"ಇದನ್ನ ಮೊದಲ್ನೇ ದಿನಾನೇ ಮಾಡ್ಬಹುದಿತ್ತಲ್ಲ ಅಣ್ಣಾ?" ಎಂದು ಬಿಂದು ಕೇಳಿದಳು.

ಪರಮೇಶಿ ತಲೆ ತಗ್ಗಿಸಿದ. ಅವಳ ಅಮ್ಮನೂ ತಲೆ ಎತ್ತಲಿಲ್ಲ.

ನೀತಿ: ಕೆಲಸ ಆಗುವ ಮೊದಲೇ ಆಯಿತೆಂದು ಒಪ್ಪಬೇಡಿ. ಕಾಫಿ ಕೊಡಿ, ಒಳ್ಳೆಯ ಮಾತಾಡಿ, ಆದರೆ ಸುಳ್ಳಿಗೆ ಸಹಿ ಹಾಕಬೇಡಿ. ನಮ್ಮ ದಾಕ್ಷಿಣ್ಯದ ನಷ್ಟ ಬೀಳುವುದು ನಮ್ಮ ಮಕ್ಕಳ ತಲೆಯ ಮೇಲೆ.