ಗೆದ್ದವರ ಗ್ಲೌಸು ಬಾಯಿಬಿಟ್ಟ ಗುಟ್ಟು

ಹೊಳೆದಂಡೆ ಕಾಲೇಜಿನ ಹುಡುಗರು ಫುಟ್‌ಬಾಲಿನಲ್ಲಿ ಪೇಟೆ ಕಾಲೇಜಿನವರ ಎದುರು ಮೂರು-ಎರಡರಲ್ಲಿ ಸೋತರು. ಕೊನೇ ಗಳಿಗೆಯಲ್ಲಿ ಕಂಬಕ್ಕೆ ಬಡಿದು ಆಚೆ ಹೋದ ಅವರ ಚೆಂಡಿಗೆ ಬದುಕೇ ಬೇಡವಾಯಿತು. ಬೇಲಿ ಮಗ್ಗುಲಲ್ಲಿ ಬಿದ್ದುಕೊಂಡು, ಒಳಗಿನ ಗಾಳಿಯನ್ನೆಲ್ಲ ಬುಸ್ಸನೆ ಬಿಟ್ಟುಬಿಡಲು ಹೊರಟಿತು.

ಅದೇ ಬೇಲಿಯ ಮೇಲೆ ಪೇಟೆ ಕಾಲೇಜಿನ ಗೋಲ್‌ಕೀಪರನ ಗ್ಲೌಸು ಒಣಗುತ್ತಿತ್ತು.

"ಗೆದ್ದವರ ಮನೆಯವಳು ನೀನು, ನಗಬೇಕಾದರೆ ನಕ್ಕುಬಿಡಕ್ಕ" ಅಂದಿತು ಚೆಂಡು.

"ನಗೋದೆಲ್ಲಿ ಬಂತೋ ಹುಚ್ಚಪ್ಪ! ನಿನ್ನ ಹೊಡೆತಕ್ಕೆ ನನ್ನ ಹೆಬ್ಬೆರಳ ಹೊಲಿಗೆಯೇ ಬಿಟ್ಟಿದೆ. ಯಾರಿಗೂ ಹೇಳಬೇಡ, ಒಂದು ಮಾತು ಹೇಳ್ತೀನಿ. ಹೋದ ವರ್ಷ ನಮ್ಮವರು ನಿಮಗೆ ಒಂಬತ್ತು ಗೋಲು ಬಾರಿಸಿದ ದಿನ ನಮ್ಮ ಮಹಾಶಯ ನನ್ನನ್ನು ಕಳಚಿಟ್ಟು, ಕಂಬಕ್ಕೊರಗಿ ಕಡಲೆಕಾಯಿ ಬಿಡಿಸಿಕೊಂಡು ತಿಂದ. ಇವತ್ತು ನೀನು ಕಂಬಕ್ಕೆ ಬಡಿದಾಗ ಅವನ ಕೈ ಹೇಗೆ ನಡುಗಿತು ಅಂತ ನನ್ನನ್ನು ಕೇಳು!"

"ನಿಜವಾಗ್ಲೂ?"

"ನಿನ್ನಾಣೆ. ಗೆದ್ದರೆ ಬಿರಿಯಾನಿ ಹಾಕಿಸ್ತೀನಿ ಅಂದಿದ್ದ ನಮ್ಮ ಕೋಚು, ಊಟದ ಸುದ್ದಿಯೇ ಎತ್ತದೆ, ಬೆಳಿಗ್ಗೆ ಐದಕ್ಕೆಲ್ಲ ಪ್ರಾಕ್ಟೀಸಿಗೆ ಬನ್ನಿ ಅಂದಿದ್ದಾರೆ. ಗೆದ್ದ ಮಾರನೇ ದಿನ ಪ್ರಾಕ್ಟೀಸು! ನಮ್ಮಲ್ಲಿ ಇಂಥದ್ದು ನಡೆದದ್ದೇ ಇಲ್ಲ ಕಣೋ."

ಆಚೆ ಹೊಳೆದಂಡೆಯ ಹುಡುಗರು ತಲೆ ತಗ್ಗಿಸಿ ಚೀಲ ಕಟ್ಟುತ್ತಿದ್ದರು. ಚೆಂಡು ಇಳಿಜಾರು ಹಿಡಿದು ಉರುಳುತ್ತಾ ಹೋಗಿ, ಅವರ ಕ್ಯಾಪ್ಟನ್ನನ ಕಾಲಿಗೆ ಮೆಲ್ಲಗೆ ತಾಗಿ ನಿಂತಿತು.

ಅವನು ಅದನ್ನೇ ನೋಡಿದ. ಚೀಲ ಕೆಳಗಿಟ್ಟ.

"ಇನ್ನೂ ಬೆಳಕಿದೆಯಲ್ರೋ" ಅಂದ, "ಬನ್ನಿ, ಸ್ವಲ್ಪ ಹೊತ್ತು ಆಡೇ ಹೋಗೋಣ."